ನೀಲಿ ಬೆನ್ನಿನ ಹನ್ನೊಂದು ಸಂಪುಟ

ಬೆಳಗಿನ ಹೊತ್ತು ಅಜ್ಜಿ ದೇವರ ಮುಂದೆ ಕೈಮುಗಿದು ಕೂತು ಹಾಡಲು ಬಾಯಿ ತೆರೆದರೆ ಅವಳ ಗಂಡ ಬೈಂಡರಜ್ಜ ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದ.

“ಒಲೆಯ ಬೂದಿಯಲಿ ಕೆಂಡ ಅಡಗಿಸಿ ಇಟ್ಟವನೆ...”

ರಾಗ ಸರಿಯಾಗಿರುತ್ತಿತ್ತು. ದನಿಯೂ ಎಪ್ಪತ್ತು ದಾಟಿದ ಹೆಂಗಸಿನದು ಅನ್ನುವ ಹಾಗಿರಲಿಲ್ಲ. ಆದರೆ ಹಾಡು ಅಲ್ಲಿಗೇ ನಿಲ್ಲುತ್ತಿತ್ತು. ಇನ್ನೊಂದು ಮೆಟ್ಟಿಲಿದೆಯೆಂದು ಕಾಲು ನೀಡಿದವರು ಬರಿಯ ನೆಲ ಸಿಕ್ಕಿ ತಡವರಿಸುವಂತೆ ಅವಳು ಎರಡನೆಯ ಸಾಲಿಗೆ ತಡಕಾಡಿ, ಕೊನೆಗೆ ತಿರುಗಿ ಗಂಡನನ್ನು ನೋಡುತ್ತಿದ್ದಳು.

“ಏನ್ರೀ, ಇರುವೆ ಬರ್ಕೊಂಡಿದ್ದಳಲ್ಲ, ಆ ನೋಟ್‌ಬುಕ್ ಸಿಕ್ತಾ?”

“ಹುಡುಕ್ತೀನಿ.”

“ನೀವು ಹುಡುಕೋ ಚೆಂದ ನಂಗೊತ್ತಿಲ್ವಾ? ಮೂಗಿನ ಮೇಲೆ ಕನ್ನಡಕ ಇಟ್ಕೊಂಡು ಮನೆಯೆಲ್ಲ ಕನ್ನಡಕ ಹುಡುಕೋರು.”

ದಿನವೂ ಇದೇ ಮಾತು, ಇದೇ ಉತ್ತರ. ಒಂದು ವರ್ಷದಿಂದ ಅಜ್ಜಿಯ ನೆನಪು ತೂತುಬಿದ್ದ ಕೊಡದ ಹಾಗೆ ಸೋರುತ್ತಿತ್ತು. ಹೊಸದು ಮೊದಲು ಹೋಗುತ್ತದೆ, ಹಳೆಯದು ಆಮೇಲೆ ಎಂದು ವೈದ್ಯರು ಹೇಳಿದ್ದರು. ಈಗ ಹಳೆಯದೂ ಗಂಟುಮೂಟೆ ಕಟ್ಟುತ್ತಿತ್ತು.

ಇರುವೆ ಎಂದರೆ ಅವರ ಒಬ್ಬಳೇ ಮಗಳು. ಅಕ್ಷರ ಸಾಲುಗಟ್ಟಿದ ಇರುವೆಗಳ ಹಾಗೆ ಸಣ್ಣಗೆ, ಒಂದರ ಹಿಂದೆ ಒಂದು, ದಾರಿ ತಪ್ಪದೆ ಹೋಗುತ್ತಿದ್ದುದರಿಂದ ಅಜ್ಜನೇ ಇಟ್ಟ ಹೆಸರು. ಇಪ್ಪತ್ತೆರಡು ವರ್ಷದ ಕೆಳಗೆ, ಹದಿನೆಂಟು ತುಂಬುವ ಮೊದಲೇ, ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಕೊಟ್ಟವನೇ ಕರೆದುಕೊಂಡ ಎಂದು ಅಜ್ಜ ದೇವರ ಮುಂದೆ ತಲೆ ಬಾಗಿಸಿದ್ದ. ಬಾಗಿಸಿದ ತಲೆ ಆಮೇಲೆ ಪೂರ್ತಿಯಾಗಿ ಎದ್ದಿರಲಿಲ್ಲ.

ಅಜ್ಜಿಗೆ ಓದುಬರಹ ಬಾರದು. ಅವಳ ಹಾಡುಗಳು ಅವಳ ಅಜ್ಜಿಯ ಬಾಯಿಂದ ಬಂದವು, ಯಾವ ಅಚ್ಚಿನ ಪುಸ್ತಕದಲ್ಲೂ ಇಲ್ಲದವು. ಸಂಜೆ ಕೆಲಸ ಮುಗಿದ ಮೇಲೆ ತಾಯಿ ಹೇಳುವುದು, ಮಗಳು ಬರೆಯುವುದು, ಹೀಗೆ ಒಂದು ಮಳೆಗಾಲ ಪೂರ್ತಿ ನಡೆದು ಒಂದು ನೋಟ್‌ಬುಕ್ ತುಂಬಿತ್ತು. ಅದು ಎಲ್ಲಿದೆಯೆಂದು ಬೈಂಡರಜ್ಜನಿಗೆ ಚೆನ್ನಾಗಿ ಗೊತ್ತಿತ್ತು. ಕಷ್ಟವಿದ್ದದ್ದೇ ಅಲ್ಲಿ.

ಅವನು ಮೂವತ್ತನಾಲ್ಕು ವರ್ಷ ನಗರದ ಸಾರ್ವಜನಿಕ ಗ್ರಂಥಾಲಯಕ್ಕೆ ಪುಸ್ತಕ ಕಟ್ಟಿದವನು. ಪುಸ್ತಕಕ್ಕೆ ಹೊಲಿಗೆ ಹಾಕಿದ ಮೇಲೆ, ರಟ್ಟು ಕೂರಿಸುವ ಮೊದಲು, ಬೆನ್ನಿಗೆ ರದ್ದಿ ಕಾಗದ ಅಂಟಿಸಬೇಕು. ಬೆನ್ನಿಗೆ ಬಲ ಬರುವುದು ಅದರಿಂದ. ಮೇಲೆ ಬಟ್ಟೆ ಕೂತರೆ ಆ ಕಾಗದ ಮತ್ತೆ ಬೆಳಕು ಕಾಣುವುದಿಲ್ಲ. ರದ್ದಿಗೆಂದು ಅವನು ಹೊರಗೆ ಹೋದವನೇ ಅಲ್ಲ. ಶಾಲೆಯ ವರ್ಷ ಮುಗಿಯುತ್ತಲೇ ಮಗಳು ತನ್ನ ನೋಟ್‌ಬುಕ್ಕುಗಳನ್ನು ಕಟ್ಟುಕಟ್ಟಿ ತಂದು ಅವನ ಮೇಜಿನ ಮೇಲಿಡುತ್ತಿದ್ದಳು. “ಅಪ್ಪಾ, ಲೆಕ್ಕದ ಪುಸ್ತಕವನ್ನ ಕಥೆ ಪುಸ್ತಕದ ಬೆನ್ನಿಗೆ ಹಾಕಿ. ಹಾಗಾದ್ರೂ ಅದಕ್ಕೆ ಒಳ್ಳೆ ಸಹವಾಸ ಸಿಗಲಿ” ಎನ್ನುತ್ತಿದ್ದಳು.

ಎಲ್ಲ ನೋಟ್‌ಬುಕ್ಕುಗಳಿಗೂ ಅವನದೇ ಅಂಗಡಿಯ ಕಂದು ಕಾಗದದ ಹೊದಿಕೆ. ಆ ವರ್ಷದ ಕಟ್ಟಿನಲ್ಲಿ ಹಾಡಿನದೂ ಸೇರಿಹೋಗಿತ್ತು. ಅವನು ತೆರೆದು ನೋಡಲಿಲ್ಲ. ‘ಓದಲು ಕೂತ ಬೈಂಡರು, ಉಣ್ಣಲು ಕೂತ ಅಡಿಗೆಯವನು ಇಬ್ಬರೂ ಕೆಲಸಕ್ಕೆ ಬಾರದವರು’ ಎಂದು ಅವನಿಗೆ ಕಸುಬು ಕಲಿಸಿದ ಯಜಮಾನ ಹೇಳುತ್ತಿದ್ದ. ಹೊದಿಕೆ ಕಿತ್ತ, ಪಿನ್ನು ತೆಗೆದ, ಹಾಳೆಗಳನ್ನು ಉದ್ದಕ್ಕೆ ಎರಡು ಸೀಳು ಮಾಡಿದ. ಒಂದು ಹಳೆಯ ಮಾಸಪತ್ರಿಕೆಯ ಹನ್ನೊಂದು ವರ್ಷದ ಸಂಚಿಕೆಗಳು ಆ ವಾರ ಅವನ ಕೈಯಲ್ಲಿದ್ದವು. ದಪ್ಪ ಸಂಪುಟಗಳು, ಅಗಲ ಬೆನ್ನು. ಒಂದೊಂದಕ್ಕೂ ನಾಲ್ಕು ನಾಲ್ಕು ಪದರ ಅಂಟಿಸಿ, ನೀಲಿ ಬಟ್ಟೆ ಹೊದಿಸಿ, ಅಂಟು ಹಿಡಿಯಲೆಂದು ತಿರುಪಿನ ಒತ್ತಿಗೆ ಇಟ್ಟ.

ಮರುದಿನ ಮಗಳು ಬಂದಳು. “ಅಪ್ಪಾ, ನನ್ನ ಹಾಡಿನ ಪುಸ್ತಕ ಕಂಡ್ರಾ?”

ಅವನು ಒತ್ತಿನಲ್ಲಿದ್ದ ನೀಲಿ ಸಾಲಿನ ಕಡೆ ನೋಡಿದ. ಅವಳಿಗೆ ಅರ್ಥವಾಯಿತು. ನಕ್ಕುಬಿಟ್ಟಳು. “ಅಮ್ಮಂಗೆ ಹೇಳ್ಬೇಡಿ. ನಿಮ್ಮನ್ನ ಅದರ ಜೊತೆಗೇ ಸೇರಿಸಿ ಹೊಲಿದುಬಿಡ್ತಾಳೆ. ಅಮ್ಮ ಇದ್ದಾಳಲ್ಲ, ಮತ್ತೆ ಕೇಳಿ ಬರ್ಕೋತೀನಿ ಬಿಡಿ.”

ಅಂಟು ಇನ್ನೂ ಹಸಿಯಾಗಿತ್ತು. ಆಗಲೇ ಬಟ್ಟೆ ಎತ್ತಿದ್ದರೆ ಹಾಳೆಗಳು ಚೂರೂ ಹರಿಯದೆ ಬರುತ್ತಿದ್ದವು. ಆದರೆ ಸಂಪುಟಗಳನ್ನು ಮಾರನೆಯ ದಿನ ಒಪ್ಪಿಸಬೇಕಾಗಿತ್ತು. ಮಗಳೇ ಬಿಡಿ ಅಂದಿದ್ದಳು. ಅವನು ಬಿಟ್ಟ. ಮುಂದಿನ ಮಳೆಗಾಲ ಬರುವಷ್ಟರಲ್ಲಿ ಬರೆಯುವವಳು ಇರಲಿಲ್ಲ. ಹಾಡುವವಳು ಹಾಡುವುದನ್ನೇ ಬಿಟ್ಟಳು.

ಅಂದಿನಿಂದ ಬೈಂಡರಜ್ಜ ವಾರಕ್ಕೊಮ್ಮೆ ಗ್ರಂಥಾಲಯಕ್ಕೆ ಹೋಗುತ್ತಿದ್ದ. ಕೆಲಸದಿಂದ ಬಿಡುಗಡೆಯಾದ ಮೇಲೂ ತಪ್ಪಿಸಲಿಲ್ಲ. ಒಳಕೋಣೆಯ ಕೊನೆಯ ಕಪಾಟು, ಕೆಳಗಿನಿಂದ ಎರಡನೆಯ ಸಾಲು. ಬಗ್ಗಿ, ಹನ್ನೊಂದು ಬೆನ್ನುಗಳನ್ನೂ ಒಂದೊಂದಾಗಿ ಸವರಿ, ಕಣ್ಣು ಮುಚ್ಚಿ, ಒಂದು ಪ್ರಾರ್ಥನೆ ಹೇಳಿಕೊಂಡು ಬರುತ್ತಿದ್ದ. ದೂಳು ಒರೆಸುತ್ತಾನೆಂದು ನೌಕರರು ತಿಳಿದಿದ್ದರು. ಬಿಚ್ಚಿ ನೋಡೋಣವೆಂದು ಕೈ ತುರಿಸದೆ ಇರಲಿಲ್ಲ. ಆದರೆ ಅದು ಊರಿನ ಸ್ವತ್ತು, ತಾನೇ ಕಟ್ಟಿದ್ದನ್ನು ತಾನೇ ಹರಿಯುವುದು ಕಳ್ಳತನ. ಅದೂ ಅಲ್ಲದೆ ಪ್ರಪಂಚದಲ್ಲಿ ಇದಕ್ಕಿಂತ ಭದ್ರವಾದ ಜಾಗ ಅವಳ ಅಕ್ಷರಕ್ಕೆ ಬೇರೆ ಎಲ್ಲಿದೆ ಎಂದುಕೊಳ್ಳುತ್ತಿದ್ದ.

ಹಾಡು ಬಿಟ್ಟದ್ದನ್ನೂ ಮರೆತು ಈಗ ಮತ್ತೆ ಹಾಡಲು ಕೂರುತ್ತಿದ್ದ ಅಜ್ಜಿಯ ಬಾಯಲ್ಲಿ ಒಂದೇ ಸಾಲು ಉಳಿದಿತ್ತು. ಒಂದು ಗುರುವಾರ ಅವನು ಗಟ್ಟಿ ಮನಸ್ಸು ಮಾಡಿದ. ಮೊಣಕಾಲು ನೋವೆಂದು ಮೂರು ವಾರದಿಂದ ಹೋಗಿರಲಿಲ್ಲ. ಹೋಗಿ, ಇದ್ದದ್ದು ಇದ್ದ ಹಾಗೆ ಹೇಳಿ, ಒಂದೇ ಒಂದು ಸಂಪುಟದ ಬೆನ್ನು ಬಿಚ್ಚಲು ಅಪ್ಪಣೆ ಕೇಳುವುದು, ಅದರಲ್ಲಿ ಸಿಕ್ಕದಿದ್ದರೆ ಇನ್ನೊಂದು. ಬಿಚ್ಚಿದ್ದನ್ನು ಮೊದಲಿಗಿಂತ ಚೆನ್ನಾಗಿ ಕಟ್ಟಿಕೊಡುವುದು. ಹಳೆಯ ಚಾಕುವನ್ನು ಕಲ್ಲಿಗೆ ಉಜ್ಜಿ ಹರಿತ ಮಾಡಿ ಜೇಬಿಗೆ ಹಾಕಿಕೊಂಡ.

ಕೆಳಗಿನಿಂದ ಎರಡನೆಯ ಸಾಲು ಖಾಲಿಯಾಗಿತ್ತು. ಪುಸ್ತಕಗಳಿದ್ದ ಕಡೆ ಹಲಗೆಯ ಬಣ್ಣ ಬೇರೆ, ಇಲ್ಲದ ಕಡೆ ಬೇರೆ.

ಗ್ರಂಥಪಾಲಕಿ ಅವನನ್ನು ಕಂಡು ಎದ್ದೇ ಬಂದಳು. ಹೊಸಬಳು, ಚುರುಕಿನವಳು. ಬರಿಯ ಪುಸ್ತಕ ಕೊಟ್ಟರೆ ಜನ ಬರುವುದಿಲ್ಲವೆಂದು ಶನಿವಾರ ಶನಿವಾರ ಗ್ರಂಥಾಲಯದಲ್ಲಿ ಹಾಡು, ನಾಟಕ, ಚಿತ್ರಪ್ರದರ್ಶನ ಶುರುಮಾಡಿಸಿದ್ದಳು. ‘ಸದ್ದು ಮಾಡಬೇಡಿ’ ಎಂಬ ಹಲಗೆಯ ಕೆಳಗೇ ಡೋಲು ಬಾರಿಸುತ್ತಾರೆ ಎಂದು ಅಜ್ಜ ಒಮ್ಮೆ ಗೊಣಗಿದ್ದೂ ಉಂಟು.

“ಅಜ್ಜಾ, ನಿಮ್ಮನೆಗೇ ಬರೋಣ ಅಂತಿದ್ವಿ. ಈ ಶನಿವಾರ ನೀವೇ ಮುಖ್ಯ ಅತಿಥಿ. ಆಗಲ್ಲ ಅನ್ನೋ ಹಾಗಿಲ್ಲ.”

“ಮೇಡಂ, ಒಳಗಡೆ ನೀಲಿ ಸಂಪುಟಗಳಿದ್ದವು...”

“ಅದೇ ಹೇಳ್ತಿರೋದು. ಯಾರೂ ಓದದ ಪುಸ್ತಕ ಸಾವಿರದಿನ್ನೂರು ತೆಗೆದುಹಾಕಬೇಕಿತ್ತು. ರದ್ದಿಗೆ ಹಾಕೋಕೆ ಮನಸ್ಸು ಬರ್ಲಿಲ್ಲ. ಒಬ್ಬ ಕಲಾವಿದೆಗೆ ಕೊಟ್ವಿ. ಏನು ಚೆನ್ನಾಗಿ ಮಾಡಿದ್ದಾಳೆ ಅಂತೀರಿ. ಬನ್ನಿ, ನೋಡಿ.”

ಸಭಾಂಗಣದಲ್ಲಿ ಎರಡಾಳೆತ್ತರದ ಕಮಾನು ನಿಂತಿತ್ತು. ಪೂರ್ತಿ ಪುಸ್ತಕದ್ದು. ಕೆಂಪು, ಹಸಿರು, ಕಂದು ರಟ್ಟುಗಳು ಇಟ್ಟಿಗೆಯ ಹಾಗೆ ಒಂದರ ಮೇಲೊಂದು ಕೂತು, ಎಲ್ಲದರ ಮೇಲೂ ವಾರ್ನಿಷು ಹೊಳೆಯುತ್ತಿತ್ತು. ಎರಡು ಕಂಬಗಳ ಬುಡದಲ್ಲಿ ಅವನ ನೀಲಿ ಸಂಪುಟಗಳಿದ್ದವು, ಒಂದು ಕಡೆ ಆರು, ಒಂದು ಕಡೆ ಐದು.

ಕಲಾವಿದೆ ನೆಲದ ಮೇಲೆ ಕೂತು ಕುಂಚ ತೊಳೆಯುತ್ತಿದ್ದಳು. ಬೆರಳಿಗೆಲ್ಲ ಅಂಟು ಮೆತ್ತಿತ್ತು. ಇರುವೆ ಇದ್ದಿದ್ದರೆ ಇವಳಿಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವಳು, ಎಂದು ಅಜ್ಜನ ಮನಸ್ಸು ಕೇಳದೆಯೇ ಲೆಕ್ಕ ಹಾಕಿತು.

“ಇದನ್ನ ಕಟ್ಟಿದ್ದು ನೀವೇ ಅಂತೆ,” ಎಂದು ಅವಳು ನೀಲಿ ಬೆನ್ನನ್ನು ತಟ್ಟಿದಳು. “ಉಳಿದದ್ದೆಲ್ಲ ಮುಟ್ಟಿದ್ರೆ ಉದುರ್ತಿತ್ತು. ಇದರ ಬೆನ್ನು ಮಾತ್ರ ಕಬ್ಬಿಣ. ಅದಕ್ಕೇ ಬುಡಕ್ಕೆ ಹಾಕ್ದೆ. ಅಷ್ಟೂ ಭಾರ ಇದರ ಮೇಲೇ ಇದೆ ಅಜ್ಜ.”

ಮೂವತ್ತನಾಲ್ಕು ವರ್ಷದಲ್ಲಿ ಯಾರೂ ಆಡದ ಹೊಗಳಿಕೆ. ಅಜ್ಜ ಬಗ್ಗಿ ನೀಲಿ ಬೆನ್ನನ್ನು ಸವರಿದ.

“ಇದರಲ್ಲಿ ಒಂದನ್ನ ತೆಗೆಯೋಕೆ ಆಗುತ್ತಾ, ತಾಯಿ?”

ತಮಾಷೆ ಎಂದುಕೊಂಡು ಅವಳು ನಕ್ಕಳು. “ಒಂದು ತೆಗೆದ್ರೆ ಇಡೀ ಲೈಬ್ರರಿ ನಮ್ಮ ತಲೆ ಮೇಲೆ. ಬೆನ್ನಿನ ಉದ್ದಕ್ಕೂ ತೂತು ಕೊರೆದು ಸರಳು ಹಾಯಿಸಿದ್ದೀನಿ. ಗೋಂದು ಬೇರೆ ಕುಡಿಸಿದ್ದೀನಿ. ಗರಗಸ ಹಾಕಿದ್ರೇ ಬಿಡೋದು, ಬಿಟ್ರೂ ಪುಡಿಯಾಗೇ ಬರೋದು.”

ತೂತು ಕೊರೆದ ಮಾತು ಕೇಳಿ ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಅಲ್ಲಿ ಚಾಕು ತಣ್ಣಗಿತ್ತು.

ಹೊರಗೆ ಬಂದು ಗ್ರಂಥಪಾಲಕಿಗೆ ಎಲ್ಲವನ್ನೂ ಹೇಳಿದ. ತಡವರಿಸಿ, ಹಿಂದುಮುಂದಾಗಿ ಹೇಳಿದ. ಅವಳ ಮುಖ ಬಾಡಿತು. ಕುರ್ಚಿ ಎಳೆದು ಅವನನ್ನು ಕೂರಿಸಿದಳು.

“ಅಜ್ಜಾ, ಎರಡು ವಾರದ ಹಿಂದೆ ಬಂದಿದ್ರೆ ಹನ್ನೊಂದನ್ನೂ ನಿಮ್ಮ ಕೈಗೇ ಕೊಟ್ಟಿರ್ತಿದ್ದೆ. ನಮಗೆ ಅದು ಬೇಡವಾದ ಪುಸ್ತಕ ಆಗಿತ್ತು.”

“ಎರಡು ವಾರ,” ಎಂದ ಅಜ್ಜ. ಇಪ್ಪತ್ತೆರಡು ವರ್ಷ ಎಂಬ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡ. ಯಾರನ್ನು ದೂರುವುದು? ಕಲಾವಿದೆ ಒಳ್ಳೆಯ ಹುಡುಗಿ. ಮೇಡಂ ರದ್ದಿಗೆ ಹಾಕದೆ ಉಳಿಸಿದವಳು. ಮಗಳು ಬಿಡಿ ಎಂದು ನಕ್ಕವಳು. ದೇವರನ್ನು ದೂರುವುದು ಅವನಿಗೆ ಅಭ್ಯಾಸವಿರಲಿಲ್ಲ.

ಶನಿವಾರ ಅಜ್ಜಿಯನ್ನೂ ಕರೆದುಕೊಂಡು ಹೋದ. ಒಬ್ಬಳನ್ನೇ ಬಿಡುವ ಹಾಗಿರಲಿಲ್ಲ. ಒಂದು ಸಲವಾದರೂ ಅವಳು ಅದರ ಹತ್ತಿರ ನಿಲ್ಲಲಿ ಎಂಬುದೂ ಇತ್ತು. ಸಭಾಂಗಣ ತುಂಬಿತ್ತು. ಮೇಡಂ ಮಾತಾಡಿದಳು, ಕಲಾವಿದೆ ಮಾತಾಡಿದಳು, ಅಜ್ಜನ ಕೈಗೆ ಒಂದು ಮರದ ಫಲಕ ಕೊಟ್ಟರು. ಚಪ್ಪಾಳೆ ಬಿತ್ತು. ಎರಡು ಮಾತಾಡಿ ಎಂದರು. “ಕಟ್ಟಿದ್ದು ನಾನೇ,” ಎಂದಷ್ಟು ಹೇಳಿ ಅವನು ಕೂತ. ಸರಳ ಮನುಷ್ಯ ಎಂದು ಹಿಂದಿನ ಸಾಲಿನಲ್ಲಿ ಯಾರೋ ಮೆಚ್ಚಿಕೊಂಡರು.

ಆಮೇಲೆ ಸಭೆಯಲ್ಲಿ ಯಾರು ಬೇಕಾದರೂ ಕಮಾನಿನ ಕೆಳಗೆ ಬಂದು ಹಾಡಬಹುದು ಎಂದಾಗ ಅಜ್ಜಿ ಎದ್ದೇಬಿಟ್ಟಳು. ಅಜ್ಜ ಸೆರಗು ಹಿಡಿದ. “ಕೂತ್ಕೋ.”

“ನೀವು ಬಹುಮಾನ ಇಸ್ಕೋಬಹುದು, ನಾನು ಹಾಡಬಾರ್ದಾ?”

ಜನ ನಕ್ಕು ದಾರಿ ಬಿಟ್ಟರು. ಅಜ್ಜಿ ಕಂಬಕ್ಕೆ ಕೈ ಆನಿಸಿ ನಿಂತು ಹಾಡಿದಳು.

“ಒಲೆಯ ಬೂದಿಯಲಿ ಕೆಂಡ ಅಡಗಿಸಿ ಇಟ್ಟವನೆ...”

ದನಿ ಸಭಾಂಗಣದ ತುಂಬ ಹೋಗಿ ಬಂತು. ನಿಂತಿತು. ಅಷ್ಟೇ ಹಾಡೆಂದು ತಿಳಿದು ಜನ ಚಪ್ಪಾಳೆ ತಟ್ಟಿದರು.

“ಮುಗಿದಿಲ್ಲ ಕಣ್ರಪ್ಪ, ತಡೀರಿ,” ಎಂದಳು ಅಜ್ಜಿ. ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಅವಳು ಗಂಡನನ್ನು ಹುಡುಕಿದಳು. ಅವನು ಪಕ್ಕಕ್ಕೆ ಬಂದಿದ್ದ. “ಮುಂದೇನ್ರೀ?”

ಆ ಸಾಲು ಅವಳ ಮಂಡಿಯ ಪಕ್ಕದಲ್ಲೇ ಇತ್ತು. ಅರ್ಧ ಒಂದು ಸಂಪುಟದಲ್ಲಿ, ಅರ್ಧ ಇನ್ನೊಂದರಲ್ಲಿ, ನಡುವೆ ಸರಳು. ತನ್ನ ಮನೆಯಲ್ಲಿ ವರ್ಷಗಟ್ಟಲೆ ಬೆಳಿಗ್ಗೆ ಬೆಳಿಗ್ಗೆ ಹರಿದ ಹಾಡು. ಅವನು ಕೇಳಿದ್ದ, ಕಿವಿ ಕೊಟ್ಟಿರಲಿಲ್ಲ.

“ಇಲ್ಲೇ ಇದೆ ಕಣೇ,” ಎಂದ. “ನೋಟ್‌ಬುಕ್ ಕಳೆದಿಲ್ಲ. ಈ ನೀಲಿ ಪುಸ್ತಕಗಳ ಬೆನ್ನೊಳಗಿದೆ. ನಾನೇ ರದ್ದಿ ಅಂತ ಹರಿದು ಅಂಟಿಸಿಬಿಟ್ಟೆ. ಇರುವೆಗೆ ಗೊತ್ತಿತ್ತು. ನಿನಗೆ ಹೇಳೋಕೆ ಬಾಯಿ ಬರ್ಲಿಲ್ಲ.”

ಅಜ್ಜಿ ಅವನ ಮುಖ ನೋಡಿದಳು. ಆಮೇಲೆ ಕಷ್ಟಪಟ್ಟು ಬಗ್ಗಿ, ನೀಲಿ ಬೆನ್ನಿನ ಮೇಲೆ ಅಂಗೈ ಇಟ್ಟಳು. ಕಣ್ಣು ತುಂಬಿ ಬಂತು. ಬೈಯುತ್ತಾಳೆಂದು ಅವನು ಕಾದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ.

“ಇಲ್ಲೇ ಇದ್ರೆ ತೆಗೆದುಕೊಡಿ, ಮತ್ತೇನು. ಯಾರ ಕೈಲಾದ್ರೂ ಓದಿಸ್ಕೋತೀನಿ.”

“ತೆಗೆಯೋಕೆ ಬರಲ್ಲ ಕಣೇ.”

“ನೀವೇ ಕಟ್ಟಿದ್ದು, ನಿಮಗೆ ಬರಲ್ವಾ?”

ಅವನು ಒಂದು ಕೈಯಲ್ಲಿ ಫಲಕ ಹಿಡಿದು, ಇನ್ನೊಂದು ಕೈಯಲ್ಲಿ ಜೇಬಿನ ಚಾಕು ಮುಟ್ಟಿಕೊಂಡು ನಿಂತ. ಸಭೆಯಿಂದ ಎದ್ದು ಬಂದ ಕೊಳಲಿನವನೊಬ್ಬ ಮುಂದಿನ ಹಾಡಿಗೆ ಅಣಿಯಾಗಿ ಕಾಯುತ್ತಿದ್ದ. ಮೇಡಂ ಬಂದು ಅಜ್ಜಿಯ ತೋಳು ಹಿಡಿದು ಮೆಲ್ಲಗೆ ಕುರ್ಚಿಗೆ ಕರೆದುಕೊಂಡು ಹೋದಳು.

ಬಸ್ಸಿನಲ್ಲಿ ಅಜ್ಜಿಗೆ ಕಿಟಕಿ ಪಕ್ಕ ಜಾಗ ಸಿಕ್ಕಿತು. ಎರಡು ನಿಲ್ದಾಣ ಕಳೆದವು. ಅಜ್ಜ ಅವಳ ಬಾಯಿಂದ ಬರುವ ಮಾತಿಗೆ, ಅದು ಏನೇ ಆಗಲಿ, ಕಾಯುತ್ತ ಕೂತಿದ್ದ. ಇಪ್ಪತ್ತೆರಡು ವರ್ಷದ ಹೊರೆ ಇಳಿಸಿದ್ದ, ಅದನ್ನು ಅವಳು ಎಲ್ಲಿ ಇಡುತ್ತಾಳೋ ನೋಡಬೇಕಾಗಿತ್ತು. ಮೂರನೆಯ ನಿಲ್ದಾಣದಲ್ಲಿ ಅವಳು ತಿರುಗಿ ಅವನ ತೊಡೆಯ ಮೇಲಿದ್ದ ಫಲಕ ನೋಡಿದಳು.

“ಇದೇನ್ರೀ ಇದು? ಎಲ್ಲಿ ಸಿಕ್ತು?”

ಅವನು ಫಲಕವನ್ನು ಮಗುಚಿ ಇಟ್ಟುಕೊಂಡ.

ಅಜ್ಜಿ ಮತ್ತೆ ಕಿಟಕಿಯ ಕಡೆ ತಿರುಗಿ, ಸಣ್ಣಗೆ ರಾಗ ಎಳೆದು, ಕೆಂಡ ಅಡಗಿಸಿ ಇಟ್ಟವನೆ ಎಂಬಲ್ಲಿಗೆ ಬಂದು ನಿಂತಳು.

“ಇರುವೆ ಬರ್ಕೊಂಡಿದ್ದಳಲ್ಲ,” ಎಂದಳು. “ಆ ನೋಟ್‌ಬುಕ್ ಸಿಕ್ತಾ?”

“ಹುಡುಕ್ತೀನಿ,” ಎಂದ ಅಜ್ಜ.