ಬಯಲೊಂದು ಬಿಟ್ಟು

“ಡಬ್ಬಿ ಮೇಲೆತ್ತಿ ಹಿಡಿಯೇ, ಬೇವರ್ಸಿ! ಎಲ್ರಿಗೂ ಕಾಣ್ಲಿ, ಯಾರ ಹೊಟ್ಟೆ ಹುಳ ನನ್ನ ತಲೆಗೆ ಬಂತು ಅಂತ!”

ಕಸಾಯಿಖಾನೆಯ ಯಜಮಾನರು ಗದರಿದ್ದೇ, ಅಂಗಳದ ನಡುವೆ ನಿಂತಿದ್ದ ಸೌಟಕ್ಕ ಡಬ್ಬಿ ಎತ್ತಿ ಹಿಡಿದಳು. ಯಜಮಾನರ ಮನೆಯಲ್ಲಿ ಅಡುಗೆ ಮಾಡುವವಳಾದ್ದರಿಂದ ಅವಳಿಗೆ ಆ ಹೆಸರು. ಡಬ್ಬಿಯಲ್ಲಿದ್ದದ್ದು ಅವಳದೇ ಮಲ, ಅದರಲ್ಲಿ ಲಾಡಿಹುಳದ ಬಿಳಿ ಚೂರು. ಹಂದಿ ಕಡಿಯುವವರು, ಕರುಳು ತೊಳೆಯುವವರು, ಎಲ್ಲರೂ ಕೆಲಸ ಬಿಟ್ಟು ನೋಡುತ್ತಿದ್ದರು. ಕರುಳು ತೊಳೆಯುವ ಹೆಂಗಸರ ನಡುವೆ ಅವಳ ಅತ್ತೆಯೂ ಇದ್ದಳು. ನಾಚಿಕೆಯಿಂದ ಸೌಟಕ್ಕನ ಕಿವಿ ಸುಟ್ಟುಹೋಯಿತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಆದರೆ ಡಬ್ಬಿ ಸಮೇತ ಅವಳನ್ನು ನುಂಗಲು ಭೂಮಿಗೇನು ಬೇರೆ ಗತಿಯಿಲ್ಲವೇ?

ಯಜಮಾನರು ಬಹಳ ಶುದ್ಧದ ಜನ. ದಿನಾ ಲಾರಿಗಟ್ಟಲೆ ಹಂದಿ ಕಡಿಸಿ ಮಾರಿದರೂ ಒಂದು ಚೂರು ಮಾಂಸ ತುಟಿಗೆ ಸೋಕಿಸಿದವರಲ್ಲ. ಊಟಕ್ಕೆ ಮೊದಲು ಅವರಿಗೆ ಒಂದು ತಟ್ಟೆ ಹಸಿ ತರಕಾರಿ ಆಗಬೇಕು. ಸೌತೆ, ಮೂಲಂಗಿ, ಕ್ಯಾರೆಟ್ಟನ್ನು ಸೌಟಕ್ಕ ಹೆಚ್ಚಿಕೊಡಬೇಕು. ಮೊನ್ನೆ ಮೊನ್ನೆ ನೆಂಟರನ್ನು ಕೂರಿಸಿಕೊಂಡು, “ನಾನು ಸೊಪ್ಪುಸದೆ ತಿನ್ನೋನು, ಅದಕ್ಕೇ ನೋಡಿ, ಗುಂಡುಕಲ್ಲು ಇದ್ದಂಗೆ ಇದೀನಿ” ಅನ್ನುತ್ತಿದ್ದವರು ಕಣ್ಣು ಮೇಲೆ ಮಾಡಿ, ಬಾಯಲ್ಲಿ ನೊರೆ ತಂದುಕೊಂಡು ಮೂಲಂಗಿ ತಟ್ಟೆಯ ಮೇಲೆ ಬೋರಲು ಬಿದ್ದರು. ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದಾಗ ಮಿದುಳಿನಲ್ಲಿ ಅಕ್ಕಿಕಾಳಿನಂಥ ಗುಳ್ಳೆಗಳು ಕಂಡವು.

ಈ ಅಕ್ಕಿಕಾಳು ಕಸಾಯಿಖಾನೆಯವರಿಗೇನೂ ಹೊಸದಲ್ಲ. ಕೆಲವು ಹಂದಿಗಳನ್ನು ಸೀಳಿದರೆ ಮಾಂಸದ ತುಂಬ ಅಂಥದೇ ಕಾಳು. ತಪಾಸಣೆಯವನು ಬಂದು ಅದರ ಮೇಲೆ ನೀಲಿ ಮೊಹರು ಒತ್ತಿ, ಹೂಳಿಬಿಡಿ ಅಂತ ಹೇಳಿ ಹೋಗುತ್ತಾನೆ. ಹೂಳುವುದೆಂದರೆ ದಂಡವಲ್ಲವೇ? ಯಜಮಾನರದು ದೊಡ್ಡ ಮನಸ್ಸು. ಅದನ್ನು ಆಳುಗಳಿಗೆ ಕೈಯಾರೆ ಪಾಲು ಹಾಕಿಕೊಡುತ್ತಿದ್ದರು. ಮಧ್ಯಾಹ್ನ ಶೆಡ್ಡಿನ ಹಿಂದೆ ಮೂರು ಕಲ್ಲಿಟ್ಟು ಹೆಂಗಸರು ಬೇಯಿಸಲು ಇಡುತ್ತಿದ್ದರು. ಮಾಂಸ ಅರ್ಧ ಬೇಯುವ ಹೊತ್ತಿಗೆ ಸರಿಯಾಗಿ ಮೇಸ್ತ್ರಿ ಗಂಟೆ ಹೊಡೆಯುತ್ತಿದ್ದ. ಬೆಂದದ್ದನ್ನೂ ಬೇಯದ್ದನ್ನೂ ಒಟ್ಟಿಗೆ ನುಂಗಿ ಓಡಬೇಕು. ಸೌಟಕ್ಕನ ಊಟವೂ ಅಲ್ಲಿಯೇ. ಯಜಮಾನರ ಮನೆಯಲ್ಲಿ ಅವಳು ಬೇಯಿಸಬಹುದಿತ್ತು, ತಿನ್ನುವ ಹಾಗಿರಲಿಲ್ಲ.

“ಈಕೇದೊಂದೇ ತಪ್ಪು ಅಂತಲ್ಲ ಸಾರ್,” ಅಂದರು ಡಬ್ಬಿ ತರಿಸಿ ನೋಡಿದ್ದ, ಯಜಮಾನರ ಪಕ್ಕ ನಿಂತಿದ್ದ ಡಾಕ್ಟರು. “ಕಾಳಿರೋ ಮಾಂಸ ಸರಿಯಾಗಿ ಬೇಯಿಸದೆ ತಿಂದ್ರೆ ಹೊಟ್ಟೇಲಿ ಲಾಡಿಹುಳ ಆಗುತ್ತೆ. ಅದರ ಮೊಟ್ಟೆ ಮಲದಲ್ಲಿ ಬರುತ್ತೆ. ಆ ಕೈ ಸರಿಯಾಗಿ ತೊಳೀದೆ ತರಕಾರಿ ಹೆಚ್ಚಿದ್ರೆ ಮೊಟ್ಟೆ ನಿಮ್ಮ ಹೊಟ್ಟೆಗೆ ಹೋಗುತ್ತೆ, ಅಲ್ಲಿಂದ ತಲೆಗೆ. ಬಯಲಲ್ಲಿ ಕೂತ್ರೆ ಹಂದಿ ಅದನ್ನೇ ತಿಂದು, ಅದರ ಮಾಂಸದಲ್ಲಿ ಮತ್ತೆ ಕಾಳಾಗುತ್ತೆ. ಅಂದ ಹಾಗೆ, ಅಂಥ ಮಾಂಸ ಇವರಿಗೆ ಎಲ್ಲಿ ಸಿಕ್ತು?”

ಯಜಮಾನರು ಆಕಾಶ ನೋಡಿದರು. “ಕದ್ದಿರ್ತಾರೆ, ಕಳ್ ನನ್ಮಕ್ಳು.”

ಅತ್ತೆ ಕ್ಯಾಕರಿಸಿ ಉಗಿದಳು.

“ಈ ಗುಳಿಗೆ ನುಂಗಿದ್ರೆ ಹುಳ ಸಾಯುತ್ತೆ. ಕೆಲಸದಿಂದ ತೆಗೆಯೋದೇನೂ ಬೇಡ,” ಅಂದರು ಡಾಕ್ಟರು. “ಇವರಿಗೆಲ್ಲ ಒಂದು ಪಾಯಖಾನೆ, ನೀರು, ಸೋಪು ಇದ್ರೆ ಆಯ್ತು.” ಇಷ್ಟು ಹೇಳಿ ಕಾರು ಹತ್ತಿದರು.

ಕಾರಿನ ಧೂಳು ಅಡಗುವ ಮೊದಲೇ ಯಜಮಾನರು ಗುಡುಗಿದರು. “ಕೇಳ್ರೋ! ಬಯಲಲ್ಲಿ ಕೂರೋ ಯಾವ ಕೊಳಕು ಮುಂಡೇದೂ ನಾಳೆಯಿಂದ ನನ್ನ ಗೇಟು ದಾಟಬಾರ್ದು. ಸೌಟು ಹಿಡಿಯೋಳು ಮೊದ್ಲು! ಬಯಲಿಗೆ ಹೋಗಿದ್ದು ಗೊತ್ತಾಯ್ತೋ, ಕೆಲ್ಸಾನೂ ಇಲ್ಲ, ಖೋಲೀನೂ ಇಲ್ಲ. ಗಂಟುಮೂಟೆ ಕಟ್ಕೊಂಡು ಅತ್ತೆ ಸೊಸೆ ಇಬ್ರೂ ಹೋಗ್ತಾ ಇರಿ.”

ಗಂಡ ಸತ್ತ ಮೇಲೆ ಸೌಟಕ್ಕನಿಗೂ ಅತ್ತೆಗೂ ತಲೆಯ ಮೇಲೆ ಸೂರು ಅಂತ ಇದ್ದದ್ದು ಯಜಮಾನರು ಕೊಟ್ಟ ಆ ಖೋಲಿಯೊಂದೇ.

“ಮತ್ತೆ ಎಲ್ಲಿಗೆ ಹೋಗ್ಲಿ ಯಜಮಾನ್ರೇ?” ಅಂದಳು, ಡಬ್ಬಿ ಇನ್ನೂ ಕೈಯಲ್ಲೇ ಇತ್ತು. “ಆ ಪಾಯಖಾನೆ ಬೀಗ ತೆಗೆಸಿಕೊಡಿ.”

ಪಾಯಖಾನೆ ಇಲ್ಲದೆ ಏನು, ಇತ್ತು. ಅಧಿಕಾರಿಗಳು ಬರುತ್ತಾರೆಂದು ಯಜಮಾನರು ಕಟ್ಟಿಸಿ, ಹಾರ ಹಾಕಿ, ಫೋಟೋ ತೆಗೆಸಿಕೊಂಡು, ಮರುದಿನವೇ ಉಪ್ಪಿನ ಮೂಟೆ ತುಂಬಿ ಬೀಗ ಜಡಿದಿದ್ದರು.

“ಉಪ್ಪನ್ನ ಎಲ್ಲಿಡ್ಲಿ? ನಿನ್ನ ಮಂಡೆ ಮೇಲಾ? ಎಲ್ಲಾದ್ರೂ ಹಾಳಾಗಿ ಹೋಗೇ, ಬಯಲೊಂದು ಬಿಟ್ಟು!”

ಸಂಜೆ ಖೋಲಿಯಲ್ಲಿ ಗುಳಿಗೆ ನುಂಗಿ ಗೋಡೆಗೊರಗಿ ಕೂತಿದ್ದ ಸೌಟಕ್ಕನಿಗೆ ಅಳು ತಡೆಯಲಾಗಲಿಲ್ಲ. ಅತ್ತೆ ಸೆರಗಿನಿಂದ ಅವಳ ಮುಖ ಒರೆಸಿದಳು.

“ನೀನ್ಯಾಕವ್ವ ಅಳ್ತೀಯ? ಕಾಳಿರೋದು ಅವನ ತಲೇಲಿ. ಲೆಕ್ಕದ ಪ್ರಕಾರ ಅವನ ಹಣೆಗೆ ನೀಲಿ ಮೊಹರು ಒತ್ತಿ ಹೂಳ್ಬೇಕು.”

ಅಳುತ್ತಿದ್ದ ಸೌಟಕ್ಕ ನಕ್ಕೇಬಿಟ್ಟಳು. ನಗು ನಿಂತ ಮೇಲೆ ಕೇಳಿದಳು, “ಅತ್ತೆ, ಯಜಮಾನ್ರ ಮನೇಲಿ ಪಾಯಖಾನೆ ಮೂರಿವೆ, ಅಲ್ವಾ?”

“ಇದ್ರೆ?”

“ಅವ್ರು ಬಯಲೊಂದು ಬಿಟ್ಟು ಅಂದ್ರು. ಮನೆ ಬಿಟ್ಟು ಅನ್ಲಿಲ್ಲ.”

ಅತ್ತೆ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಎದ್ದು ಹೋಗಿ ಪಕ್ಕದ ಖೋಲಿಯ ಬಾಗಿಲು ತಟ್ಟಿದಳು, ಅದರ ಪಕ್ಕದ್ದನ್ನೂ ತಟ್ಟಿದಳು.

ಬೆಳಿಗ್ಗೆ ಗೇಟಿನ ಮುಂದೆ ಹೆಂಗಸರ ಹಿಂಡು, ಕೈಯಲ್ಲಿ ಒಂದೊಂದು ಚೊಂಬು. ಯಾರ ಮುಖದಲ್ಲೂ ನೆಮ್ಮದಿಯಿಲ್ಲ. ಮೇಸ್ತ್ರಿ ಅಡ್ಡ ನಿಂತ. “ಬಯಲಿಗೆ ಹೋಗಿದ್ರೇನ್ರೇ? ನಿಜ ಹೇಳಿ!”

“ದೇವರಾಣೆ ಹೋಗಿಲ್ಲ ಕಣಣ್ಣ,” ಅಂದಳು ಅತ್ತೆ, ಹಲ್ಲು ಕಚ್ಚಿಕೊಂಡು. “ನಿನ್ನೆಯಿಂದ ತಡ್ಕೊಂಡಿದೀವಿ. ಬೇಗ ತೆಗಿ, ಇಲ್ಲಾಂದ್ರೆ ನಿನ್ನ ಕಾಲ ಮೇಲೇ ಆಗುತ್ತೆ.”

ಮೇಸ್ತ್ರಿ ಗೇಟು ತೆಗೆದ. ಬಯಲಿಗೆ ಹೋಗದವರನ್ನು ತಡೆಯಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೆಂಗಸರು ಶೆಡ್ಡಿನ ಕಡೆ ತಿರುಗದೆ ನೆಟ್ಟಗೆ ಯಜಮಾನರ ಮನೆಯ ಮೆಟ್ಟಿಲು ಹತ್ತಿದರು. ಅಡುಗೆಮನೆ ಬಾಗಿಲಿನಿಂದ ಒಳಗೆ ಕರೆದುಕೊಂಡು ಹೋದವಳು ಸೌಟಕ್ಕ. ಕೆಳಗಿನ ಎರಡು ಪಾಯಖಾನೆಗೆ ಇಬ್ಬರು ಹೊಕ್ಕರು. ಮಹಡಿಯ ಮೇಲೆ ಯಜಮಾನರ ಸ್ವಂತದ್ದು, ಹಾಲುಬಿಳುಪಿನ ಕಲ್ಲು ಹಾಸಿದ್ದು, ಅದರೊಳಗೆ ಸೌಟಕ್ಕ ಹೋಗಿ ಚಿಲಕ ಹಾಕಿಕೊಂಡಳು. ಇಷ್ಟು ವರ್ಷ ಆ ಮನೆಯ ಹೊಟ್ಟೆ ತುಂಬಿಸಿದವಳು ಆ ಬಾಗಿಲು ಮುಟ್ಟಿದ್ದು ಅದೇ ಮೊದಲು. ಸೆರಗು ಸಿಕ್ಕಿಸಿಕೊಂಡು ಕೂತಳು. ಉಳಿದವರು ಮೆಟ್ಟಿಲುದ್ದಕ್ಕೂ ಸರದಿ ನಿಂತರು.

ತಲೆಯ ಹುಳಕ್ಕೆ ಔಷಧಿ ಶುರುವಾದ ಮೇಲೆ ಯಜಮಾನರ ಹೊಟ್ಟೆ ಅವರ ಮಾತು ಕೇಳುತ್ತಿರಲಿಲ್ಲ. ಲುಂಗಿ ಹಿಡಿದುಕೊಂಡು ಕೋಣೆಯಿಂದ ಓಡಿಬಂದವರು ಬಾಗಿಲು ಗುದ್ದಿದರು. “ಯಾವಳೇ ಅದು ಒಳಗೆ? ತೆಗಿಯೇ, ಲೌಡಿ! ಪೊಲೀಸರನ್ನ ಕರೆಸ್ತೀನಿ!”

“ಕರೆಸಿ ಯಜಮಾನ್ರೇ,” ಅಂದಳು ಒಳಗಿನಿಂದ ಸೌಟಕ್ಕ. “ಅವ್ರಿಗೂ ಅರ್ಜೆಂಟಿದ್ರೆ ಕೊನೇಲಿ ನಿಲ್ಲೋಕೆ ಹೇಳಿ.”

“ಅಯ್ಯೋ... ತೆಗಿಯೇ, ಆಗ್ತಿಲ್ಲ ನಂಗೆ!”

ಅತ್ತೆ ತನ್ನ ಚೊಂಬನ್ನು ಯಜಮಾನರ ಮುಂದೆ ಹಿಡಿದಳು. “ನೀರು ತುಂಬೇ ಇದೆ, ತಗೊಳ್ಳಿ. ಇವತ್ತು ಬಯಲು ಪೂರಾ ಖಾಲಿ. ಹಂದಿ ಹತ್ರ ಬಂದ್ರೆ ಒಂದು ಕಲ್ಲು ಬೀಸಿ, ಹೋಗ್ತವೆ.”

ಯಜಮಾನರು ಚೊಂಬು ಕಸಿದುಕೊಂಡರು. ಆಮೇಲೆ ಯಜಮಾನರ ಚಪ್ಪಲಿ ಧಡಧಡ ಮೆಟ್ಟಿಲಿಳಿದು ಹಿತ್ತಲ ಬಾಗಿಲು ದಾಟಿ ಬಯಲಿನ ಕಡೆ ಓಡಿದ್ದು ಸೌಟಕ್ಕನಿಗೆ ಕೂತಲ್ಲಿಂದಲೇ ಕೇಳಿಸಿತು.