ಹಾಲವ್ವ ಹಳ್ಳ ದಾಟಿದ್ದು

ನಾನು ಮದುವೆಯಾಗಿ ಕೂಡ್ಲಿಗಿಗೆ ಬಂದದ್ದು ಎಪ್ಪತ್ತಾರರಲ್ಲಿ. ನಮ್ಮವರು ಗೌಸ್ ಪೀರ್, ಶೇಂಗಾ ವ್ಯಾಪಾರಿ. ಮುಂಗಾರಿಗೆ ಮುಂಚೆ ಬಿತ್ತನೆ ಬೀಜ ಸುಲಿಯಲು ಹೆಂಗಸರು ನಮ್ಮ ಅಂಗಳಕ್ಕೆ ಬರುತ್ತಿದ್ದರು. ಅವರೊಳಗೆ ಹಾಡುವವರು ದುರುಗಮ್ಮ.

ಅವರು ಹಾಡುತ್ತಿದ್ದದ್ದು ದನಗಾಹಿ ಹಾಲವ್ವನ ಕಥೆ. ಬೆಳಿಗ್ಗೆ ಎತ್ತಿಕೊಂಡರೆ ಸಂಜೆಗೂ ಮುಗಿಯದು. ನಮ್ಮ ಕೈ ನಿಧಾನವಾದರೆ ಕಥೆಯೊಳಗೆ ಅಣ್ಣತಮ್ಮಂದಿರು ಜಗಳಕ್ಕೆ ಬೀಳುತ್ತಿದ್ದರು. ಯಾರಾದರೂ ಬಾಣಂತನ ಮುಗಿಸಿ ಬಂದಿದ್ದರೆ ಅಂದು ಹಾಲವ್ವನ ಅತ್ತಿಗೆಗೆ ಹೆರಿಗೆ. ತವರು ನೆನೆದು ನನ್ನ ಕಣ್ಣು ತುಂಬಿದ ದಿನ ಹಾಲವ್ವನೂ ಬೇವಿನ ಕೆಳಗೆ ಕೂತು ಅವ್ವನನ್ನು ನೆನೆದಳು.

ಕೊನೆ ಮಾತ್ರ ಬದಲಾಗುತ್ತಿರಲಿಲ್ಲ. ಬೇರೆ ಹಟ್ಟಿಯವನನ್ನು ಮೆಚ್ಚಿ ಹೊರಟ ಹಾಲವ್ವ ನೀರಿಲ್ಲದ ಮರಳಹಳ್ಳ ದಾಟುವಳು. ಹೆಜ್ಜೆ ಗುರುತು ಹಿಡಿದು ಬಂದ ಅಣ್ಣಂದಿರು ಅವಳನ್ನು ಕೊಲ್ಲುವರು.

ದುರುಗಮ್ಮನ ಮನೆಗೆ ಹೊಳೆದಂಡೆಯ ಹಲವಾಗಲಿನಿಂದ ಸೊಸೆ ಬಂದಳು, ಮೈಲಮ್ಮ. ಕೇಳುತ್ತ ಕೂತವಳು ಒಂದು ದಿನ ಬಾಯಿ ಹಾಕಿದಳು.

"ಅತ್ತಿ, ನಮ್ಮೂರಾಗ ಹಾಲವ್ವ ಸಾಯಂಗಿಲ್ರಿ. ಹರಗೋಲು ಹತ್ತಿ ಹೊಳಿ ದಾಟ್ತಾಳ."

"ಇಲ್ಲಿ ಹೊಳಿ ಎಲ್ಲೈತಿ? ನಿಮ್ಮೂರ ಹಾಡು ನಿಮ್ಮೂರಾಗ ಇರ್ಲಿ."

ಆಮೇಲೆ ಮೈಲಮ್ಮ ಹಿಮ್ಮೇಳದವಳಾಗಿ ಅತ್ತೆ ಬಿಟ್ಟ ಸಾಲಿನ ಕೊನೆಯನ್ನು ಎತ್ತಿ ಹಾಡುತ್ತಿದ್ದಳು, ಅಷ್ಟೇ.

ಮರುವರ್ಷ ದುರುಗಮ್ಮನ ಗಂಟಲು ಕಟ್ಟಿತು. ಆಸ್ಪತ್ರೆಯ ಗುಳಿಗೆಗೂ ಜಗ್ಗಲಿಲ್ಲ. ಅಂಗಳದಲ್ಲಿ ಸಿಪ್ಪೆ ಒಡೆಯುವ ಸದ್ದು ಬಿಟ್ಟರೆ ಏನಿಲ್ಲ. ನಾನೇ ತಡೆಯಲಾರದೆ, "ಮೈಲಮ್ಮ, ನೀನಾರ ಹಾಡವಾ" ಅಂದೆ. ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಹಾಡೆಂದು ಕೈಸನ್ನೆ ಮಾಡಿದರು.

ಅತ್ತೆಯ ಧಾಟಿಯಲ್ಲೇ ಹಾಡಿದಳು. ಮರಳಹಳ್ಳ ಬಂದಾಗ ದನಿ ನಿಂತಿತು. ನಮ್ಮ ಕೈಗಳೂ ನಿಂತವು. ಆಮೇಲೆ ಮೇಲಿನ ಗುಡ್ಡಕ್ಕೆ ಮಳೆ ಹುಯ್ಯಿತು, ಹಾಡಿನೊಳಗೆ. ಹಾಲವ್ವ ಆಚೆ ದಡ ಹತ್ತಿದಳು. ಹಿಂದೆಯೇ ಕೆಂಪು ನೀರು ಬಂದು ಹೆಜ್ಜೆಗಳನ್ನೆಲ್ಲ ತೊಳೆಯಿತು. ಅಣ್ಣಂದಿರು ಈಚೆಯೇ ನಿಂತರು.

"ಇದನ್ಯಾರು ಕಲಿಸಿದ್ರು?" ದುರುಗಮ್ಮ ಒಡೆದ ದನಿಯಲ್ಲಿ ಕೇಳಿದರು.

"ಯಾರೂ ಇಲ್ರಿ ಅತ್ತಿ. ಆಕಿನ್ನ ಅಲ್ಲೇ ಬಿಟ್ಟು ಬರಾಕ ಮನಸಾಗ್ಲಿಲ್ಲ."

ದುರುಗಮ್ಮ ಎರಡು ಕಾಯಿ ಸುಲಿದರು. "ಹೂಂ, ಮುಂದ ಹೇಳು" ಎಂದು, ಬಂದಷ್ಟು ದನಿಯಲ್ಲಿ ಸೊಸೆಯ ಸಾಲಿನ ಕೊನೆಯನ್ನು ಎತ್ತಿಕೊಂಡರು. ಅವರ ಗಂಟಲು ಕೊನೆಗೂ ಸರಿಹೋಗಲಿಲ್ಲ. ಇದ್ದಷ್ಟು ದಿನ ಸೊಸೆಯ ಹಿಂದೆ ಕೂತೇ ಹಾಡಿದರು.

ಎಂಬತ್ತನಾಲ್ಕರಲ್ಲಿ ಸುಲಿಯುವ ಯಂತ್ರ ಬಂತು, ಹೆಂಗಸರು ಅಂಗಳಕ್ಕೆ ಬರುವುದು ನಿಂತಿತು. ಮೈಲಮ್ಮನ ಹಾಡು ಕೇಳಲೆಂದೇ ಒಮ್ಮೆ ಅವಳು ಕಳೆ ತೆಗೆಯುತ್ತಿದ್ದ ಹೊಲಕ್ಕೆ ಹೋಗಿ ಬದುವಿನ ಮೇಲೆ ಕೂತೆ. ಬೆಳೆಯ ಸಾಲು ಹಿಡಿದು ಮುಂದೆ ಹೋದಂತೆ ಅವಳ ದನಿ ದೂರವಾಗುತ್ತಿತ್ತು. ತಿರುಗಿ ಬರುವಷ್ಟರಲ್ಲಿ ಕಥೆ ಎಲ್ಲೋ ಹೋಗಿರುತ್ತಿತ್ತು. ಆದರೂ ಹೊತ್ತು ಮುಳುಗುವವರೆಗೆ ಕೂತಿದ್ದೆ.