ಟ್ಯಾಂಕಿನ ಬಾಯಿ ತೆಗೆದ ಭಾನುವಾರ

ಕಮೋಡಿಗೆ ಬಿಟ್ಟ ನೀರು ಸರ್ರನೆ ಇಳಿಯುವ ಬದಲು ಗುಳುಗುಳು ಸದ್ದು ಮಾಡುತ್ತ ಮೇಲಕ್ಕೇರಿ, ಸ್ವಲ್ಪ ಹೊತ್ತು ನಿಂತು, ಆಮೇಲೆ ನಿಧಾನಕ್ಕೆ ಇಳಿಯತೊಡಗಿದ್ದು ದೀಪಾವಳಿ ಆದ ಮೇಲೆ. ಮೊದಲು ಗಮನಿಸಿದವಳು ಸಂಘಮಿತ್ರಾ. ಗಂಡ ಹಂಪೇಶನಿಗೆ ಹೇಳಿದಳು. ಹಂಪಿ ನೋಡಲು ಬಂದವರನ್ನು ಕಾರಿನಲ್ಲಿ ತಿರುಗಿಸುವುದು ಅವನ ಕೆಲಸ. ಸೀಜನ್ ಶುರುವಾಗಿತ್ತು, ಊಟಕ್ಕೂ ಬಿಡುವಿರಲಿಲ್ಲ. ಸಂಜೆ ಬರುವಾಗ ಒಂದು ಆಸಿಡ್ ಬಾಟಲಿ ತಂದು ಸುರಿದ. ಮರುದಿನ ಸರಿಹೋದಂತೆ ಕಂಡಿತು. ವಾರ ಕಳೆಯುವಷ್ಟರಲ್ಲಿ ಬಚ್ಚಲ ಜಾಲರಿಯಿಂದಲೂ ವಾಸನೆ ಏಳತೊಡಗಿತು.

ಇನ್ನೊಂದು ಬಾಟಲಿ ತರುತ್ತೇನೆ ಅಂದವನನ್ನು ಸಂಘಮಿತ್ರಾ ತಡೆದಳು. ಟ್ಯಾಂಕಿನೊಳಗೆ ಹೊಲಸನ್ನು ಕರಗಿಸುವ ಹುಳ ಇರುತ್ತವೆ, ಕಣ್ಣಿಗೆ ಕಾಣದಂಥವು, ಆಸಿಡ್ ಸುರಿದರೆ ಮೊದಲು ಸಾಯುವುದು ಅವೇ ಅಂದಳು. ಟ್ಯಾಂಕು ತುಂಬಿರಬೇಕು, ಹೊಲಸು ಹೀರುವ ಗಾಡಿ ಕರೆಸಿ ಜಗ್ಗಿಸಬೇಕು ಅಂತಲೂ ಅಂದಳು. ಹಂಪೇಶ ಹೂಂ ಅಂದ. ಆದರೆ ಟ್ಯಾಂಕು ಎಲ್ಲಿದೆ ಎಂಬುದೇ ಇಬ್ಬರಿಗೂ ಗೊತ್ತಿರಲಿಲ್ಲ.

ಹೊಸಪೇಟೆಯಲ್ಲಿ ಸಂಡೂರು ರಸ್ತೆ ಕಡೆ ಬೆಳೆದ ಬಡಾವಣೆ ಅದು. ಒಳಚರಂಡಿ ಇನ್ನೂ ಅಲ್ಲಿಗೆ ಮುಟ್ಟಿರಲಿಲ್ಲ. ಮನೆಯನ್ನು ಹೋದ ವರ್ಷ ಕಂಪ್ಲಿಯ ರೈಸ್‌ಮಿಲ್ಲಿನ ಮನೋಹರ್ ಎಂಬವರಿಂದ ಕೊಂಡಿದ್ದರು. ಕೊಳ್ಳುವಾಗ ಖಾತೆ ನೋಡಿದ್ದರು, ಬೋರಿನ ನೀರು ಕುಡಿದು ನೋಡಿದ್ದರು, ತಾರಸಿ ಸೋರುತ್ತದೇನೋ ಅಂತ ಮಳೆ ಬಂದ ದಿನ ಹೋಗಿ ನಿಂತಿದ್ದರು. ಟ್ಯಾಂಕಿನ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ. ಸಂಘಮಿತ್ರಾಳಂಥವಳಿಗೂ ಅದು ಹೊಳೆದಿರಲಿಲ್ಲ. ತೋರಣಗಲ್ಲು ಕಡೆಯ ಉಕ್ಕಿನ ಫ್ಯಾಕ್ಟರಿಯಲ್ಲಿ ಸೇಫ್ಟಿ ಇಲಾಖೆಯವಳು ಅವಳು. ಅಲ್ಲಿ ಯಾವುದೇ ಮುಚ್ಚಿದ ಟ್ಯಾಂಕಿನೊಳಗೆ ಯಾರಾದರೂ ಕಾಲಿಡಬೇಕಾದರೆ ಇವಳು ಮೀಟರ್ ಇಳಿಬಿಟ್ಟು ಒಳಗೆ ವಿಷದ ಗಾಳಿ ಇಲ್ಲವೆಂದು ನೋಡಿ ಸಹಿ ಹಾಕಬೇಕು.

ಬೇರೆ ಮನೆಯಲ್ಲಾಗಿದ್ದರೆ ಇದು ಇಷ್ಟು ದೊಡ್ಡ ವಿಷಯವಾಗುತ್ತಿರಲಿಲ್ಲ. ಆದರೆ ಈ ಮನೆಯಲ್ಲಿ ಅವಳ ಅಪ್ಪ ಪಕೀರಪ್ಪ ಇದ್ದ.

ತಾಯಿ ದುರ್ಗಕ್ಕ ತೀರಿಕೊಂಡ ಮೇಲೆ ಕಂಪ್ಲಿಯಿಂದ ಮಗಳ ಮನೆಗೆ ಬಂದವನು ಪಕೀರಪ್ಪ. ಹರೆಯದಲ್ಲಿ ಕಂಪ್ಲಿಯ ಮನೆಗಳ, ಲಾಡ್ಜುಗಳ ಗುಂಡಿಗಳಿಗೆ ಇಳಿದು ಬಕೆಟ್ಟಿನಲ್ಲಿ ಹೊಲಸು ಎತ್ತುತ್ತಿದ್ದವನು. ಜೊತೆಗೆ ತಮ್ಮ ಎರ್ರೆಪ್ಪ. ಸಂಘಮಿತ್ರಾ ಇನ್ನೂ ಶಾಲೆಗೆ ಹೋಗುತ್ತಿದ್ದಾಗ ಒಂದು ಲಾಡ್ಜಿನ ಟ್ಯಾಂಕಿಗೆ ಇಳಿದ ಎರ್ರೆಪ್ಪ ಮೇಲೆ ಬರಲಿಲ್ಲ. ಅಂದಿನಿಂದ ಪಕೀರಪ್ಪ ಆ ಕೆಲಸ ಮುಟ್ಟಲಿಲ್ಲ. ಬಾಳೆಗೊನೆ ಲಾರಿಗೆ ತುಂಬುವ ಹಮಾಲಿಗೆ ಸೇರಿದ, ಮಗಳನ್ನು ಓದಿಸಿದ, ಕೇರಿಯ ಹತ್ತಾರು ಮನೆಯವರ ಜೊತೆ ಬುದ್ಧನ ಹಾದಿ ಹಿಡಿದ. ತಮ್ಮನ ಮಾತು ಮಾತ್ರ ಆಡಲಿಲ್ಲ. ಈ ಬಡಾವಣೆಯಲ್ಲಂತೂ ಅವನು ಬಾಳೆಮಂಡಿಯಲ್ಲಿ ದುಡಿದು ವಿಶ್ರಾಂತಿಗೆ ಬಂದ ಹಿರಿಯ, ಅಷ್ಟೆ.

ವಾಸನೆ ಎದ್ದಾಗಿನಿಂದ ಅವನು ಕೂತಲ್ಲಿ ಕೂರುತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಕಾಂಪೌಂಡಿನೊಳಗೆ ಸುತ್ತು ಹೊಡೆಯುತ್ತಿದ್ದ. ಪೇಪರು ಬಿಚ್ಚಿ, ಓದದೆ ಮಡಚಿಡುತ್ತಿದ್ದ. ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿಯುತ್ತಿತ್ತು. ಕೇಳಿದರೆ ಹೊಟ್ಟೆ ಉಬ್ಬರ ಅನ್ನುತ್ತಿದ್ದ. ಸಂಘಮಿತ್ರಾ ಫ್ಯಾಕ್ಟರಿ ಬಸ್ಸಿಗೆಂದು ಗೇಟು ದಾಟಿದವಳು ಏನೋ ಮರೆತವಳಂತೆ ವಾಪಸು ಬಂದು ಅವನನ್ನೊಮ್ಮೆ ನೋಡಿ ಹೋಗುತ್ತಿದ್ದಳು. ಹಳೆಯದು ನೆನಪಾಗಿ ಹೆದರಿದ್ದಾನೆ ಅಂತ ಅವಳು ತಿಳಿದಿದ್ದಳು. ಅಕ್ಕಪಕ್ಕದವರಿಗೆ ಗೊತ್ತಾದೀತೆಂಬ ಸಂಕೋಚವೂ ಇರಬಹುದು ಅನ್ನಿಸುತ್ತಿತ್ತು.

ಶನಿವಾರ ಮನೋಹರ್‌ಗೆ ಫೋನ್ ಮಾಡಿದಳು. ಕೈಯಲ್ಲಿ ಹಿಟ್ಟಿತ್ತು, ಸ್ಪೀಕರ್ ಹಾಕಿದ್ದಳು. ಅವರು ವಿನಯವಾಗಿಯೇ ಮಾತಾಡಿದರು. ಟ್ಯಾಂಕು ಕಾರು ನಿಲ್ಲಿಸುವ ಜಾಗದ ಕೆಳಗಿದೆ, ಚೆಂದ ಕಾಣಲಿ ಅಂತ ಮುಚ್ಚಳದ ಮೇಲೂ ಟೈಲ್ಸ್ ಹಾಕಿಸಿದ್ದೆ, ಕಟ್ಟಿಸಿದಾಗಿನಿಂದ ತೆಗೆಸುವ ಪ್ರಸಂಗವೇ ಬಂದಿಲ್ಲ ಅಂದರು. ಆಮೇಲೆ, ಒಳ್ಳೆಯದಕ್ಕೇ ಹೇಳುವವರಂತೆ, ಇನ್ನೊಂದು ಮಾತು ಸೇರಿಸಿದರು.

"ಗಾಡಿಯವ್ರು ಮ್ಯಾಲಿನ ನೀರಷ್ಟ ಜಗ್ಗತಾರ್ರಿ. ತಳ ಚೊಕ್ಕ ಆಗಬೇಕಂದ್ರ ಯಾರನ್ನರ ಇಳಿಸ್ರಿ. ಹುಡುಕಿದ್ರ ಇನ್ನೂ ಸಿಗತಾರ."

"ಯಾರನ್ನೂ ಇಳಿಸಂಗಿಲ್ರಿ," ಅಂದು ಸಂಘಮಿತ್ರಾ ಫೋನ್ ಇಟ್ಟಳು. ತಿರುಗಿ ನೋಡಿದರೆ ಬಾಗಿಲಲ್ಲಿ ಚಹಾದ ಲೋಟ ಹಿಡಿದು ಅಪ್ಪ ನಿಂತಿದ್ದ. ಒಳಗೆ ಬಂದು ಲೋಟ ತೊಳೆದ. ತೊಳೆದದ್ದನ್ನೇ ಮತ್ತೆ ತೊಳೆದು ಬೋರಲು ಹಾಕಿ ಹೋದ.

ಭಾನುವಾರ ಹಂಪೇಶ ಎದ್ದವನೇ ಹಾರೆ ಹಿಡಿದು ಟೈಲ್ಸ್ ಒಡೆದ. ಸಿಮೆಂಟಿನ ಮುಚ್ಚಳ ಕಂಡಿತು. ಅಷ್ಟರಲ್ಲಿ ಹಂಪಿ ಬಜಾರಿಗೆ ಕರೆದೊಯ್ಯಬೇಕಾದ ಗಿರಾಕಿಗಳ ಫೋನು ಬಂತು. ಗಾಡಿಯವನು ಬಂದರೆ ನೀನೇ ನೋಡಿಕೋ, ಮಧ್ಯಾಹ್ನಕ್ಕೆ ಬಂದುಬಿಡುತ್ತೇನೆ ಅಂತ ಹೊರಟ.

ಗಾಡಿಯವನ ಹೆಸರು ಜಡೆಪ್ಪ. ಟ್ಯಾಂಕರಿನ ಮಾಲೀಕನೂ ಅವನೇ, ಡ್ರೈವರೂ ಅವನೇ. ಮೊಣಕಾಲಿನವರೆಗೆ ಬೂಟು, ಕೈಗೆ ಗ್ಲೌಸು. ಕೊಕ್ಕೆ ಹಾಕಿ ಮುಚ್ಚಳ ಸರಿಸಿದ ಮೇಲೆ ಎಲ್ಲರೂ ದೂರ ನಿಲ್ಲಿ, ಯಾರೂ ಕಡ್ಡಿ ಗೀರಬೇಡಿ ಅಂದ. ಪಕ್ಕದ ಮನೆಯ ಮುದುಕಮ್ಮ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿಕೊಂಡರು.

ಸಂಘಮಿತ್ರಾ ಅಪ್ಪನಿಗೆ ಬೇವಿನ ಗಿಡದ ನೆರಳಲ್ಲಿ ಕುರ್ಚಿ ಹಾಕಿದಳು. ಅವನು ಅದರ ಹತ್ತಿರ ನಿಂತೇ ಇದ್ದ.

"ಯಜಮಾನ್ರ, ಗಾಳಿ ಆ ಕಡೆ ಬೀಸಾಕತ್ತೈತಿ, ಇನ್ನಷ್ಟು ಹಿಂದಕ್ಕ ಸರಿದು ಕುಂದ್ರಿ," ಅಂದ ಜಡೆಪ್ಪ.

ಪಕೀರಪ್ಪ ಆ ಮಾತಿಗೆ ತಟ್ಟನೆ ತಲೆಯೆತ್ತಿದ. ಕೂತ. ಎದ್ದ. ಮತ್ತೆ ಕೂತ.

ಇಂಜಿನ್ ಗುಡುಗಿತು, ದಪ್ಪ ಪೈಪು ನೆಲದ ಮೇಲೆ ಹೊರಳಾಡಿತು. ಒಂದು ಲೋಡು ಸಲೀಸಾಗಿ ತುಂಬಿತು. ಜಡೆಪ್ಪ ಅದನ್ನು ಇಳಿಸಿ ವಾಪಸು ಬಂದು ಮತ್ತೆ ಪೈಪು ಹಾಕಿದ. ಈ ಸಲ ಪೈಪು ಕೆಮ್ಮಿತು. ಗಾಳಿ ಮಾತ್ರ ಬರುತ್ತಿತ್ತು. ಉದ್ದನೆಯ ಬೊಂಬು ಇಳಿಬಿಟ್ಟು ನೋಡಿದ. ಇಷ್ಟು ವರ್ಷ ತೆಗೆಸದೆ ತಳದಲ್ಲಿ ಹೊಲಸು ಜೇಡಿಮಣ್ಣಿನಂತೆ ಗಟ್ಟಿಯಾಗಿ ಕೂತಿದೆ, ನೀರು ಹೊರಗೆ ಹೋಗುವ ಕೊಳವೆಯ ಬಾಯಿಗೆ ಬಟ್ಟೆ ಸಿಕ್ಕಿಕೊಂಡಿದೆ ಅಂದ. ಮೇಲಿಂದ ಜೋರಾಗಿ ನೀರು ಬಿಟ್ಟು ಬೊಂಬಿನಿಂದ ಕಲಕಿ ಜಗ್ಗಬೇಕು, ತಡವಾಗುತ್ತದೆ ಅಂದ. ಮೊದಲಾದರೆ ಯಾರಾದರೂ ಇಳಿದು ಒಡೆದು ಕೊಡುತ್ತಿದ್ದರು. ಈಗ ತಾನು ಇಳಿಯುವುದಿಲ್ಲ, ಇನ್ನೊಬ್ಬರನ್ನು ಇಳಿಸುವುದೂ ಇಲ್ಲ, ಮನೆಯಲ್ಲಿ ಮಕ್ಕಳಿವೆ ಅಂತ ತಾನಾಗಿಯೇ ಹೇಳಿದ. ಸಂಘಮಿತ್ರಾಳಿಗೆ ಸಮಾಧಾನವಾಯಿತು. ಬೋರಿನ ಮೋಟರು ಹಾಕಿ ಪೈಪು ಎಳೆದು ತರಲು ಹಿತ್ತಲಿಗೆ ಹೋದಳು.

ಪೈಪು ಎಲ್ಲೋ ಸಿಕ್ಕಿಕೊಂಡಿತ್ತು, ಬಿಡಿಸಿ ತರಲು ತುಸು ಹೊತ್ತಾಯಿತು. ಬಂದು ನೋಡಿದರೆ ಕುರ್ಚಿ ಖಾಲಿ. ಅದರ ಮೇಲೆ ಅಪ್ಪನ ಅಂಗಿ ಮಡಚಿ ಇಟ್ಟಿತ್ತು.

ಪಕೀರಪ್ಪ ಟ್ಯಾಂಕಿನ ಬಾಯಿಯ ಅಂಚಿನಲ್ಲಿ ಕೂತಿದ್ದ. ಲುಂಗಿ ಎತ್ತಿ ಕಟ್ಟಿದ್ದ, ಮೂಗಿಗೆ ಟವೆಲ್ ಸುತ್ತಿದ್ದ. ಕಾಲು ಒಳಗೆ ಇಳಿಬಿಟ್ಟು, ಎರಡೂ ಅಂಗೈ ಅಂಚಿಗೆ ಊರಿ ಭಾರ ಹಾಕುತ್ತಿದ್ದ. ಜಡೆಪ್ಪ ಗಾಡಿಯ ಆ ಬದಿಯಲ್ಲಿ ವಾಲ್ವಿನ ಹತ್ತಿರ ಬಗ್ಗಿದ್ದ. ಇಂಜಿನ್ನಿನ ಸದ್ದಿನಲ್ಲಿ ಅವನಿಗೆ ಏನೂ ತಿಳಿದಿರಲಿಲ್ಲ.

ಇಂಥ ಹೊತ್ತಿಗೆ ಏನು ಮಾಡಬೇಕೆಂದು ಫ್ಯಾಕ್ಟರಿಯಲ್ಲಿ ಎಷ್ಟೋ ಸಲ ಪಾಠ ಮಾಡಿದವಳು ಸಂಘಮಿತ್ರಾ. ಒಂದು ಶಬ್ದವೂ ನೆನಪಾಗಲಿಲ್ಲ. ಓಡಿದರೆ ಬೆಚ್ಚಿಬಿದ್ದಾನು ಅಂತ ನಡೆದೇ ಹೋಗಿ ಅವನ ತೋಳನ್ನು ಎರಡೂ ಕೈಯಿಂದ ಹಿಡಿದಳು.

"ಅಪ್ಪಾ, ಏನ್ ಮಾಡಾಕತ್ತಿ?"

"ಬಿಡವ್ವ. ಒಂದೀಟು ಒಡೆದು ಕೊಟ್ರ ಪೈಪಿಗೆ ಬರ್ತೈತಿ. ಎಷ್ಟೊತ್ತಿಂದ ಆ ಮನಿಷಾ ಗುದ್ದಾಡಾಕತ್ತಾನ."

"ಅದು ಅವ್ರ ಕೆಲಸ. ಮ್ಯಾಲಿಂದ ಮಾಡ್ತಾರ."

"ನಾ ಕುರ್ಚಿ ಮ್ಯಾಲ ಕುಂತು ನೋಡ್ಲೇನು?" ಅವನ ದನಿ ಟವೆಲ್ಲಿನೊಳಗಿಂದ ಒಡಕಾಗಿ ಬಂತು. "ಊರ ಮಂದೀದೆಲ್ಲ ತೆಗ್ದೀನಿ. ನನ್ನ ಮಗಳ ಮನೀದು ಇನ್ನೊಬ್ಬ ತೆಗಿಯೋವಾಗ ನಾ ಯಜಮಾನ ಅನಿಸ್ಕೊಂಡು ಕುಂದ್ರಲೇನು? ಆಗವಲ್ದವ್ವ ನನಗ. ವಾರದಿಂದ ಇದ ತಲಿಯೊಳಗ."

ಅವಳು ತಿಳಿದದ್ದೆಲ್ಲ ತಪ್ಪಾಗಿತ್ತು. ಹೆದರಿಕೆಯೂ ಅಲ್ಲ, ನಾಚಿಕೆಯೂ ಅಲ್ಲ. ಆದರೆ ಅವನ ಕಾಲ ಕೆಳಗೆ ಕಪ್ಪಗೆ ನಿಂತಿದ್ದ ಆ ಗಾಳಿ ಎಂಥದ್ದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ನೀ ಇಳಿದು ಅಲ್ಲಿ ಬಿದ್ರ ನಾ ಇಲ್ಲಿ ನಿಂತು ನೋಡಂಗಿಲ್ಲ," ಅಂದಳು. "ಇಳೀಬ್ಯಾಡ್ರಿ ಅಂತ ಮಂದಿಗೆ ಹೇಳಾಕಿ ನಾ, ಖರೆ. ಆದ್ರ ನಿನ್ನ ಹಿಂದ ನಾನೂ ಇಳೀತೀನಿ. ಅವತ್ತು ಚಿಕ್ಕಪ್ಪನ ಹಿಂದ ನೀನೂ ಇಳೀತಿದ್ದಿ. ಯಾರೋ ಹಿಡ್ಕೊಂಡ್ರು, ಅದಕ್ಕ ಉಳ್ದಿ ಅಂತ ಅವ್ವ ಹೇಳಿದ್ಲು."

ಆ ದಿನದ ಮಾತು ಆ ಮನೆಯಲ್ಲಿ ಬಂದದ್ದು ಅದೇ ಮೊದಲು. ಅಷ್ಟರಲ್ಲಿ ಜಡೆಪ್ಪ ನೋಡಿದ. ಇಂಜಿನ್ ಆರಿಸಿ ಓಡಿ ಬಂದು ಇನ್ನೊಂದು ತೋಳು ಹಿಡಿದ. ಸದ್ದು ನಿಂತ ಅಂಗಳದಲ್ಲಿ ಮೂವರ ಉಸಿರು ಕೇಳುತ್ತಿತ್ತು. ಪಕೀರಪ್ಪ ಕೊಸರಾಡಲಿಲ್ಲ. ಬಗ್ಗಿ ಒಳಗೊಮ್ಮೆ ನೋಡಿದ, ಆಮೇಲೆ ಒಂದೊಂದೇ ಕಾಲು ಮೇಲಕ್ಕೆಳೆದುಕೊಂಡ.

"ಯಜಮಾನ್ರ, ನಿಮಗೇನಾರ ಆಗಿದ್ರ ನಾ ಮತ್ತ ಈ ಗಾಡಿ ಮುಟ್ಟತಿರಲಿಲ್ಲ," ಅಂದ ಜಡೆಪ್ಪ. ಬೈದಂತಿರಲಿಲ್ಲ, ಬೇಡಿಕೊಂಡಂತಿತ್ತು.

ಪಕೀರಪ್ಪ ನಲ್ಲಿಯ ಹತ್ತಿರ ಹೋಗಿ ಕಾಲು ತೊಳೆದ, ಅಂಗಿ ಹಾಕಿಕೊಂಡ. ಕುರ್ಚಿಯ ಕಡೆಗೆ ಹೋಗಲಿಲ್ಲ. ನೀರಿನ ಪೈಪು ನಾನು ಹಿಡಿಯುತ್ತೇನೆ, ಅಷ್ಟಕ್ಕಾದರೂ ಬಿಡಿ ಅಂದ. ಬಾಯಿಯಿಂದ ದೂರ ನಿಲ್ಲುವುದಾದರೆ ಸರಿ ಅಂದಳು ಸಂಘಮಿತ್ರಾ. ಅವನು ನೀರು ಬಿಟ್ಟ, ಜಡೆಪ್ಪ ಬೊಂಬಿನಿಂದ ಕಲಕಿದ, ಅವಳು ಪೈಪಿನ ಸುತ್ತು ಬಿಡಿಸುತ್ತ ನಿಂತಳು. ತಳದ ಜೇಡಿ ನಿಧಾನಕ್ಕೆ ಕರಗಿ ಪೈಪಿಗೆ ಹತ್ತಿತು. ಬಾಯಿಗೆ ಸಿಕ್ಕಿದ್ದ ಬಟ್ಟೆಯ ಉಂಡೆ ಕೊಕ್ಕೆಗೆ ಬಂತು. ಪೂರ್ತಿ ತೊಳೆಯುವುದು ಬೇಡ, ತಳದಲ್ಲಿ ಸ್ವಲ್ಪ ಇದ್ದರೆ ಹಾಲಿಗೆ ಹೆಪ್ಪು ಹಾಕಿದಂತೆ, ಹುಳ ಮತ್ತೆ ಬೆಳೆಯುತ್ತವೆ ಅಂತ ಜಡೆಪ್ಪ ಅಲ್ಲಿಗೇ ನಿಲ್ಲಿಸಿದ. ಕೈ ತೊಳೆದು ಬಂದವನನ್ನು ಪಕೀರಪ್ಪ ಕೈ ಹಿಡಿದು ಆ ಕುರ್ಚಿಯಲ್ಲಿ ಕೂರಿಸಿದ. ಚಹಾ ತಾನೇ ತಂದುಕೊಟ್ಟ.

ಲೋಡು ಎಲ್ಲಿ ಸುರಿಯುತ್ತೀರಿ ಅಂತ ಕೇಳಿದ ಆಮೇಲೆ. ಊರ ಹೊರಗೆ ಅದಕ್ಕೇ ಕಟ್ಟಿದ ಘಟಕವಿದೆ ಅಂದ ಜಡೆಪ್ಪ. ನಾನೂ ಬಂದು ನೋಡಲೇನು ಅಂತ ಕೇಳಿ, ಉತ್ತರ ಬರುವ ಮೊದಲೇ ಪಕೀರಪ್ಪ ಕ್ಯಾಬಿನ್ನಿಗೆ ಹತ್ತಿದ. ಬೇಡ ಅನ್ನಬೇಕೆಂದು ಸಂಘಮಿತ್ರಾಳ ನಾಲಿಗೆ ತುದಿಗೆ ಬಂತು. ಅದನ್ನು ನುಂಗಿಕೊಂಡು ನೀರಿನ ಪೈಪು ಸುತ್ತತೊಡಗಿದಳು.

ಅವರು ಹೋದ ಮೇಲೆ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಟೈಲ್ಸಿನ ಚೂರು ಗುಡಿಸಿದಳು, ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು. ಜಡೆಪ್ಪನಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ಅಲ್ಲಿಯೂ ಗುಂಡಿಗಳಿರುತ್ತವೆ ಎಂಬ ಯೋಚನೆ ಹೊಕ್ಕಿತು. ಹಂಪೇಶ ಬಂದ. ನಡೆದದ್ದನ್ನು ಕೇಳಿ, ನಾನು ಹೋಗಬಾರದಿತ್ತು ಅಂದ. ಕಾರಿನ ಕೀಲಿ ತಗೊಂಡು ಹುಡುಕಲು ಹೊರಟಾಗ ಗೇಟಿನ ಹೊರಗೆ ಗಾಡಿಯ ಸದ್ದಾಯಿತು.

ಪಕೀರಪ್ಪ ನಿಧಾನಕ್ಕೆ ಇಳಿದ. ಹಸಿವಾಗಿದೆ ಅಂದ. ಉಣ್ಣುತ್ತ, ಕಂಡದ್ದನ್ನು ಅಳಿಯನಿಗೆ ಹೇಳಿದ. ಗಾಡಿಗಳು ಸಾಲಾಗಿ ನಿಲ್ಲುತ್ತವಂತೆ, ಪೈಪಿನಿಂದಲೇ ಸುರಿಯುತ್ತವಂತೆ, ಬಿಸಿಲಿಗೆ ಒಣಗಿಸಿ ಗೊಬ್ಬರ ಮಾಡುತ್ತಾರಂತೆ. ಒಬ್ಬನೂ ಒಳಗಿಳಿಯುವುದಿಲ್ಲ ಎಂಬುದನ್ನು ಎರಡು ಸಲ ಹೇಳಿದ. ಹೊರಗೆ ಜಡೆಪ್ಪ ಮುಚ್ಚಳ ಕೂರಿಸುತ್ತ, ಇದರ ಮೇಲೆ ಮತ್ತೆ ಟೈಲ್ಸ್ ಹಾಕಿಸಬೇಡಿ, ಮೂರು ವರ್ಷಕ್ಕೊಮ್ಮೆ ತೆಗೆಸಿ, ಬಟ್ಟೆ ಗಿಟ್ಟೆ ಹಾಕಬೇಡಿ, ಗಾಳಿ ಕೊಳವೆಯನ್ನು ತಾರಸಿಯವರೆಗೆ ಎತ್ತರಿಸಿ ಅಂತ ಸಂಘಮಿತ್ರಾಳಿಗೆ ಹೇಳಿದ. ಮುದುಕಮ್ಮ ಕಿಟಕಿ ತೆಗೆದು ಅವನ ನಂಬರು ಕೇಳಿದರು.

ಸಂಜೆ ಅಪ್ಪ, ಮಗಳು ಮೆಟ್ಟಿಲ ಮೇಲೆ ಕೂತಿದ್ದಾಗ ಪಕೀರಪ್ಪ ತಾನಾಗಿಯೇ ಬಾಯಿ ಬಿಟ್ಟ.

"ಅವತ್ತು ನನ್ನ ಸೊಂಟ ಹಿಡ್ದೋನು ನಮ್ಮ ಜೋಡಿ ಗುಂಡಿ ಕೆಲಸಕ್ಕ ಬರ್ತಿದ್ದ ಉಜ್ಜಿನಪ್ಪ. ಬಿಡಲೇ ಅಂತ ಅವನ ಕೈ ಕಡಿದೆ, ರಕ್ತ ಬಂತು, ಬಿಡ್ಲಿಲ್ಲ. ಅವ ಬಿಟ್ಟಿದ್ರ ಎರ್ರೆಪ್ಪನ್ನ ತೆಗೀತಿದ್ದೆ ಅಂತ ಇಷ್ಟು ವರ್ಷ ಅವನ ಮಕ ನೋಡಿಲ್ಲ."

ಮಗಳ ಕೈ ಮುಟ್ಟಿ, "ಅವ ಯಾಕ ಬಿಡ್ಲಿಲ್ಲ ಅಂತ ಇವತ್ತು ನೀ ಹಿಡ್ದಾಗ ತಿಳೀತು ನನಗ," ಅಂದ.

ಮುಂದಿನ ಭಾನುವಾರ ಹಂಪೇಶ ಗಿರಾಕಿಗಳನ್ನು ಬೇರೆಯವನಿಗೆ ಒಪ್ಪಿಸಿ ಕಂಪ್ಲಿಗೆ ಕಾರು ತೆಗೆದ. ದಾರಿಯುದ್ದಕ್ಕೂ ಪಕೀರಪ್ಪ ಕಿಟಕಿಯ ಗಾಜು ಇಳಿಸುತ್ತಿದ್ದ, ಏರಿಸುತ್ತಿದ್ದ. ಬಾಳೆತೋಟಗಳು ಶುರುವಾದಾಗ, ವಾಪಸು ಹೋಗೋಣ, ಅವನು ಮಾತಾಡಿಸದಿದ್ದರೆ ಏನು ಮಾಡಲಿ ಅಂದ. ಹಂಪೇಶ ಕಾರು ತಿರುಗಿಸಲಿಲ್ಲ.

ಉಜ್ಜಿನಪ್ಪ ಮನೆ ಮುಂದೆ ಹೊರಸಿನ ಮೇಲೆ ಕೂತಿದ್ದ. ಕಣ್ಣು ಮಂಜಾಗಿತ್ತು. ಯಾರೆಂದು ತಿಳಿಯಲು ಹೊತ್ತು ಹಿಡಿಯಿತು. ತಿಳಿದ ಮೇಲೆ ಹೊರಸಿನ ಒಂದು ಪಕ್ಕಕ್ಕೆ ಸರಿದು, ಪಕ್ಕದ ಜಾಗವನ್ನು ಕೈಯಿಂದ ಒರೆಸಿದ.

"ಬಾರಲೇ ಪಕೀರ, ಕುಂದ್ರು," ಅಂದ.

ಪಕೀರಪ್ಪ ಕೂತ.